ಗಾಳಿಗಡಲಿನ ಏಳನೆಯ ಭಾಗ

ಕೊನೆಯ ಸಾಲು ಓದಿದವನೇ ದಯಾನಂದ ದಡಬಡಿಸಿ ಎದ್ದು ನಿಂತ. ಪುಸ್ತಕದ ರಟ್ಟು ತಿರುಗಿಸಿ ನೋಡಿದ. ಹೆಸರೇನೋ ಸರಿಯಾಗಿಯೇ ಇತ್ತು: ಗಾಳಿಗಡಲು, ಏಳನೆಯ ಭಾಗ. ಮತ್ತೊಮ್ಮೆ ಕೊನೆಯ ಪುಟ ಓದಿದ. ಈ ಸಲವೂ ನಾವಿಕ ಮನೆಗೆ ಬರಲಿಲ್ಲ.

ಬರಬೇಕಿತ್ತು! ಹಾರುವ ಹಡಗು ಅಂಗಳಕ್ಕಿಳಿದು, ನಾವಿಕ ಒಳಗೆ ಬಂದು, ಹೆಂಡತಿ ಬಡಿಸಿದ ಗಂಜಿ ಉಂಡದ್ದು ದಯಾನಂದನಿಗೆ ನಾಲ್ಕನೇ ಕ್ಲಾಸಿನಿಂದ ಬಾಯಿಪಾಠ. ಮೊದಲ ಆರು ಭಾಗಗಳನ್ನು ಅವನೇ ಹಾಳೆ ಸವೆಯುವಷ್ಟು ಓದಿದ್ದ. ಏಳನೆಯದು ಮಾತ್ರ ಶಾಲೆಯ ಲೈಬ್ರರಿಯಿಂದ ಒಂದೇ ರಾತ್ರಿಯ ಮಟ್ಟಿಗೆ ಸಿಕ್ಕಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದಾಗ ಮೋಹಿನಿ ಅಕ್ಕ ಅದನ್ನು ಗಟ್ಟಿಯಾಗಿ ಓದಿದ್ದಳು, ಅವನು ಕೇಳಿದ್ದ.

ಈಗ ಅವನು ನಲವತ್ತು ದಾಟಿದ ಸ್ಕೂಲ್ ವ್ಯಾನಿನ ಡ್ರೈವರು. ಮೂಡುಬಿದಿರೆಯ ಪುಸ್ತಕ ಮೇಳದಲ್ಲಿ ಏಳೂ ಭಾಗಗಳು ಕಣ್ಣಿಗೆ ಬಿದ್ದದ್ದೇ ಹೊತ್ತುಕೊಂಡು ನಾರಾವಿಯ ಮನೆಗೆ ಬಂದಿದ್ದ. ರಜೆಯ ಮಧ್ಯಾಹ್ನಗಳಲ್ಲಿ ಅವನು ಓದುವುದು, ಓದು ಬಾರದ ಅಮ್ಮ ವಾರಿಜಾಕ್ಷಿ ಹಿಂದಿನಂತೆಯೇ ಬೀಡಿ ಕಟ್ಟುತ್ತ ಕೇಳುವುದು. ಇವತ್ತು ಉಳಿದದ್ದು ಕೊನೆಯ ಅಧ್ಯಾಯ. ತಡೆಯಲಾರದೆ ಊಟಕ್ಕೆ ಮೊದಲೇ ಕದ್ದು ಓದಿದ್ದ. ಮಾಡಿದ್ದುಣ್ಣೋ ಮಹಾರಾಯ!

ಬಾಲ ಸುಟ್ಟ ಬೆಕ್ಕಿನಂತೆ ಜಗಲಿಗೂ ಅಂಗಳಕ್ಕೂ ಓಡಾಡಿ, ಕೊನೆಗೆ ಬಂಟ್ವಾಳದಲ್ಲಿದ್ದ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ನಾವಿಕ ಬರುವುದೇ ಇಲ್ಲ! ಹೆಂಡತಿ ಬಾಗಿಲು ಹಾಕಿ ಮಲಗುತ್ತಾಳೆ. ಮತ್ತೆ ನೀನು ಆವತ್ತು ಓದಿದ್ದು ಎಂತದ್ದು?"

"ಅದು ಓದಿದ್ದಲ್ಲ ಮಾರಾಯ, ನಾನೇ ಕಟ್ಟಿ ಹೇಳಿದ್ದು. ಬೊಂಬಾಯಿ ಹೋಟೆಲಿಗೆ ಕೆಲಸಕ್ಕೆ ಹೋದ ಅಪ್ಪ ಕಾಗದ ಹಾಕುವುದು ನಿಲ್ಲಿಸಿದ ವರ್ಷ ಅದು."

"ನಾನು ಅಳ್ತೇನೆ ಅಂತ ಸುಳ್ಳು ಹೇಳಿದ್ದಾ?"

"ನಿನಗಲ್ಲ. ಅಮ್ಮನ ಕೈ ನಿಂತುಹೋಗಿತ್ತು. ಗೆರಸೆಯಲ್ಲಿ ಬೀಡಿ ಎಲೆ ಒಣಗ್ತಾ ಉಂಟು, ಅಮ್ಮ ನನ್ನ ಬಾಯಿಯನ್ನೇ ನೋಡ್ತಾ ಇದ್ದಾರೆ. ಹೇಗೆ ಓದುವುದು ಹೇಳು? ನೀನೂ ಹಾಗೆಯೇ ಓದು. ಗಂಜಿ ಮರೀಬೇಡ."

ಅಪ್ಪ ಆಮೇಲೆ ಬರಲೇ ಇಲ್ಲ. ಅಮ್ಮ ಇವತ್ತಿಗೂ ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ. ಕಳ್ಳರಿಗೆ ಕರೆದು ಕೊಡುತ್ತೀರಾ ಎಂದು ದಯಾನಂದ ಎಷ್ಟೋ ಸಲ ರೇಗಿದ್ದ. ಈಗ ಅದನ್ನು ನೆನೆದು ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂತು.

ಊಟವಾಯಿತು. ಅಮ್ಮ ಗೆರಸೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ದಯಾನಂದ ಪುಸ್ತಕ ಬಿಡಿಸಿ, ಅದರಲ್ಲಿ ಇಲ್ಲದ್ದನ್ನು ಓದತೊಡಗಿದ. ಹಡಗು ಅಂಗಳಕ್ಕಿಳಿಯಿತು. ನಾವಿಕ ಕಾಲು ತೊಳೆದು ಒಳಗೆ ಬಂದ. ಹೆಂಡತಿ ಗಂಜಿ ಬಡಿಸಿದಳು.

"ಹಾಳೆ ತಿರುಗಿಸು ಮಗಾ," ಎಂದರು ಅಮ್ಮ.

ದಯಾನಂದ ಪುಸ್ತಕದಿಂದ ತಲೆಯೆತ್ತಿದ.

"ಮೋಹಿನಿಯೂ ಹೀಗೆಯೇ. ಗಂಜಿ ಉಂಡು ಮುಗಿಯುವವರೆಗೂ ಒಂದೇ ಹಾಳೆ. ನನಗೆ ಅಕ್ಷರ ಬರುವುದಿಲ್ಲ, ಕಣ್ಣೂ ಇಲ್ಲವಾ? ಹುಡುಗಿ ಅಷ್ಟು ಕಷ್ಟಪಟ್ಟು ಹೇಳುವಾಗ ಬೇಡ ಅನ್ನಲಿಕ್ಕೆ ಮನಸ್ಸು ಬರಲಿಲ್ಲ. ಈಗ ಇದ್ದ ಹಾಗೆ ಓದು."

ಇದ್ದ ಹಾಗೆ ಓದಿದ. ನಾವಿಕ ಬರಲಿಲ್ಲ; ಹೆಂಡತಿ ಎದ್ದು ಬಾಗಿಲು ಹಾಕಿದಳು. ಅಮ್ಮನ ಮುಖ ನೋಡುವ ಧೈರ್ಯ ಸಾಲದೆ ದಯಾನಂದ ಅವರ ಕೈ ನೋಡಿದ. ಕೈ ನಿಂತಿರಲಿಲ್ಲ. ಬೀಡಿಯ ತುದಿ ಮಡಚಿ, ನೂಲು ಸುತ್ತುತ್ತ ಅಮ್ಮ ಕೇಳಿದರು:

"ಎಷ್ಟು ವರ್ಷ ಕಾದು ಬಾಗಿಲು ಹಾಕಿದಳಂತೆ?"