ಐದೂವರೆಯ ಚುಕ್ಕೆ

ಚುಕ್ಕೆ ಇವತ್ತೂ ಬಂತು. ನಸುಕಿನ ಐದೂವರೆಗೆ, ಕಬ್ಬಿನ ಅಂಚು ಹಿಡಿದು, ಪಂಪ್‌ಸೆಟ್ ಮನೆಯತ್ತ ಮೆಲ್ಲಗೆ ಸರಿಯಿತು. ತಾರಸಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಧನುಶ್ರೀ ಹಲ್ಲು ಕಚ್ಚಿದಳು.

ಇಪ್ಪತ್ತು ದಿನದ ಹಿಂದೆ ಅದೇ ಪಂಪ್‌ಸೆಟ್ ಮನೆಯ ಬಳಿ ಚಿರತೆ ಅವಳ ಅಪ್ಪ ದೇವಯ್ಯನನ್ನು ಕೊಂದಿತ್ತು. ಅರಣ್ಯ ಇಲಾಖೆ ಇಟ್ಟ ಬೋನಿಗೆ ಅದು ಬೀಳಲಿಲ್ಲ. ಧನುಶ್ರೀ ರೇಡಾರ್ ಎಂಜಿನಿಯರ್. ತಿಥಿ ಮುಗಿದದ್ದೇ ತಡ, ತಾನೇ ವಿನ್ಯಾಸ ಮಾಡಿದ ಹದಿನಾರು ಆಂಟೆನಾಗಳನ್ನು ತಮ್ಮೂರು ಚಿನಕುರಳಿಯ ಮನೆಯ ಮೇಲೆ ಗದ್ದೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದಳು. ಗಾಳಿಗೆ ತೂಗುವ ಕಬ್ಬನ್ನು ಆ ರೇಡಾರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ನಡೆಯುವುದನ್ನು ಮಾತ್ರ ಚುಕ್ಕೆಯಾಗಿ ಹಿಂಬಾಲಿಸುತ್ತದೆ. ಕಾಲು ಎರಡೋ ನಾಲ್ಕೋ, ಅದನ್ನು ಹೇಳುವ ಜಾಣತನ ಇನ್ನೂ ಬಂದಿರಲಿಲ್ಲ.

ಹಿಂದಿನ ಐದು ದಿನವೂ ಚುಕ್ಕೆ ಅಲ್ಲಿಗೇ ಹೋಗಿ ಮಾಯವಾಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಕಂಡಿತ್ತು. ಹಾಳಾದ್ದು, ಅಲುಗಾಡದೆ ಹೊಂಚು ಹಾಕುತ್ತದೆ ಎಂದುಕೊಂಡಳು.

ತಾಯಿ ಸಿದ್ದಲಿಂಗಮ್ಮನದು ಒಂದೇ ಹಟ. "ಅದನ್ನ ಇಡಿಸ್ಬ್ಯಾಡ ಕಣವ್ವ. ಅದರ ಪಾಡಿಗೆ ಅದು ಇರ್ಲಿ ಬುಡು."

"ಅಪ್ಪನ್ನ ತಿಂದದ್ದು ಕಣವ್ವೋ! ನಾಳೆ ನಿನ್ನೂ ತಿಂದ್ರೆ ನಂಗ್ಯಾರವ್ರೆ?"

ಸಿದ್ದಲಿಂಗಮ್ಮ ಹಾಲಿನ ಕ್ಯಾನು ತೊಳೆಯಲು ಹೋಗಿದ್ದಳು. ಬೆಳಗ್ಗೆ ಹಾಲು ಹಾಕಲು ಡೇರಿಗೆ ಹೋದವಳು ಈಚೆಗೆ ತಡವಾಗಿ ಬರುತ್ತಿದ್ದಳು. ಡೇರಿ ಇರುವುದು ಊರೊಳಗೆ, ದೀಪದ ಬೀದಿಯಲ್ಲಿ, ಭಯವಿಲ್ಲ. ನಾಲ್ಕು ಜನರ ಹತ್ತಿರ ಅತ್ತು ಹಗುರಾಗಲಿ ಎಂದು ಮಗಳು ಸುಮ್ಮನಿದ್ದಳು.

ಇವತ್ತು ತಾಯಿಗೆ ಹೇಳದೆ, ಅರಣ್ಯ ಇಲಾಖೆಯಲ್ಲಿ ಅರಿವಳಿಕೆ ಕೋವಿ ಹಾರಿಸುವ ಚಿಕ್ಕಸ್ವಾಮಿಯನ್ನು ಕರೆಸಿದ್ದಳು. ಚುಕ್ಕೆ ಮಾಯವಾದೊಡನೆ ಇಬ್ಬರೂ ಬದುವಿನ ಮೇಲೆ ಸದ್ದಿಲ್ಲದೆ ನಡೆದರು.

"ಇಂದ್ಕೆ ನಿಂತ್ಕೊಳಿ ಮೇಡಮ್ಮೋರೆ," ಎಂದು ಪಿಸುಗುಟ್ಟಿ ಚಿಕ್ಕಸ್ವಾಮಿ ಕೋವಿ ಎತ್ತಿದ. ಆಮೇಲೆ ನಿಧಾನವಾಗಿ ಇಳಿಸಿದ.

ಗಂಡನ ರಕ್ತ ಬಿದ್ದಿದ್ದ ಮಣ್ಣಿನಲ್ಲಿ ಸಿದ್ದಲಿಂಗಮ್ಮ ಕೂತಿದ್ದಳು. ಚಿರತೆ ಹಿಂದಿನಿಂದ ಎರಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಅವಳು ಕಬ್ಬಿಗೆ ಬೆನ್ನು ಕೊಟ್ಟು, ಸೆರಗು ಸರಿಸಿ, ಕತ್ತು ಬಗ್ಗಿಸಿಕೊಂಡಿದ್ದಳು.

"ದಿನಾ ಬಂದು ಕಾಯ್ತಾವ್ನಿ ಕಣವ್ವ," ಎಂದಳು ತಲೆ ಎತ್ತದೆ. "ನಿಮ್ಮಪ್ಪನ್ನ ಕರ್ಕೊಂಡೋದದ್ದು, ನನ್ನ ಮಾತ್ರ ಮುಟ್ಟಾಕೇ ಇಲ್ಲ."