ಕೈಯಲ್ಲಿ ಬರೆದ ಹೆಸರುಗಳು

“ಒಂದಲ್ಲ ಎರಡಲ್ಲ, ನಲವತ್ತು ಹೆಸರು! ಎಲ್ಲ ಕೈಯಲ್ಲೇ ಟೈಪ್ ಮಾಡಿದ್ದಾರೆ,” ವಾಗೀಶ ಲ್ಯಾಪ್‌ಟಾಪನ್ನು ಧರಣಿಯ ಕಡೆ ತಿರುಗಿಸಿದ. “ವಿನೀತಾ ಅವರ ಮೂರು ತಿಂಗಳ ಟ್ರಯಲ್ ಇವತ್ತಿಗೆ ಮುಗೀತು. ಕೆಲಸಕ್ಕೆ ಆಗಲ್ಲ ಅಂತ ನೀನೇ ಹೇಳ್ಬುಡು. ಲೈಬ್ರರಿ ನಿಂದು ತಾನೇ?”

ಹೆಬ್ಬಾಳದ ಆ ಪುಟ್ಟ ಆಫೀಸಿಗೆ ವಾಗೀಶನೇ ಮುಖ್ಯಸ್ಥ. ಲೈಬ್ರರಿ, ಅಂದರೆ ಎಲ್ಲರೂ ಬಳಸಲೆಂದು ಬರೆದಿಟ್ಟ ಕೋಡು, ಧರಣಿಯದು. ‘ತೊಟ್ಟಿಲು’ ಎಂದು ಕರೆದಿದ್ದಳು. ವೆಬ್‌ಪುಟದ ಯಾವ ಭಾಗ, ಅದರೊಳಗಿನ ಯಾವ ತುಂಡು, ಅದೀಗ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಸಿದರೆ ಸಾಕು, ಮೂರನ್ನೂ ಪೋಣಿಸಿ ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬೇಕಾದ ಕ್ಲಾಸ್ ಹೆಸರನ್ನು ಅದೇ ಕಟ್ಟಿಕೊಡುತ್ತಿತ್ತು. ಆ ಹೆಸರಿನ ಮೇಲೆಯೇ ಪ್ರತಿ ತುಂಡಿನ ಬಣ್ಣ, ಗಾತ್ರ. ಸರಿಯಾದ ಹೆಸರು ಹಿಡಿದು ಕರೆದರೆ ಕಲ್ಲಾದವನೂ ಎದ್ದು ಕೂರುವ ಕಥೆಗಳನ್ನು ಅಜ್ಜಿ ದೇವಿರಮ್ಮನಿಂದ ಕೇಳಿ ಬೆಳೆದ ಧರಣಿಗೆ ತೊಟ್ಟಿಲೆಂದರೆ ಕೂಸಿನಷ್ಟೇ ಪ್ರೀತಿ. ಇನ್ನು ಮುಂದೆ ಯಾರೂ ಕೈಯಲ್ಲಿ ಹೆಸರು ಬರೆಯಕೂಡದೆಂದು ವಾಗೀಶನೇ ನಿಯಮ ಮಾಡಿದ್ದ.

ಧರಣಿ ಹೋದಾಗ ವಿನೀತಾ ತನ್ನ ಮೇಜಿನ ಬಳಿ ಊಟದ ಡಬ್ಬಿ ಒರೆಸುತ್ತಿದ್ದಳು. ಹನ್ನೊಂದು ವರ್ಷ ಮನೆಯಲ್ಲಿದ್ದು, ಮಗಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಕೆಲಸಕ್ಕೆ ಬಂದವಳು.

“ವಿನೀತಕ್ಕ, ತೊಟ್ಟಿಲು ಬಳಸೋದು ಕಷ್ಟ ಆಯ್ತಾ? ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಕಷ್ಟ ಏನಿಲ್ಲ ಕಣಮ್ಮ. ಒಂದೇ ಚೌಕಕ್ಕೆ ಎರಡು ಸ್ಥಿತಿ ಬಂದ್ರೆ ಎರಡನೇದನ್ನ ಅದು ನುಂಗ್ಬುಡುತ್ತೆ.”

“ನನ್ನ ತೊಟ್ಟಿಲಾ? ಛೇ, ಇಲ್ಲಕ್ಕ!” ಧರಣಿ ನಗುತ್ತಲೇ ಕುರ್ಚಿ ಎಳೆದುಕೊಂಡಳು.

ವಿನೀತಾಳ ಪರದೆಯ ಮೇಲಿದ್ದದ್ದು ಆಸ್ಪತ್ರೆಯೊಂದಕ್ಕೆ ಮಾಡುತ್ತಿದ್ದ ಅರ್ಜಿಯ ಪುಟ. ಫೋನ್ ನಂಬರಿನ ಚೌಕ ‘ಕಡ್ಡಾಯ’. ನಂಬರು ಸರಿಯಿಲ್ಲದಿದ್ದರೆ ಜೊತೆಗೆ ‘ತಪ್ಪು’ ಕೂಡ. ವಿನೀತಾ ಬರೆದಿದ್ದ ಹೆಸರನ್ನು ಅಳಿಸಿ, ತೊಟ್ಟಿಲಿನಿಂದ ಹೆಸರು ತರಿಸಿ, ಬೇಕೆಂದೇ ಒಂಬತ್ತು ಅಂಕಿ ಒತ್ತಿದಳು. ಚೌಕ ಕೆಂಪಾಗಬೇಕಿತ್ತು. ಆಗಲಿಲ್ಲ. ಅಳಿಸಿ ಎಂಟೇ ಅಂಕಿ ಒತ್ತಿದಳು. ಏನೂ ತಿಳಿಯದ ಮಗುವಿನಂತೆ ಬೆಳ್ಳಗೇ ಇತ್ತು.

“ಯಾವಾಗಿಂದ ಗೊತ್ತು ನಿಮಗೆ?”

“ಬಂದ ಮೊದಲನೇ ವಾರದಿಂದ.”

“ಮತ್ತೆ ಬಾಯಿಬಿಟ್ಟು ಹೇಳೋದಲ್ವಾ?”

“ಹೇಗೆ ಹೇಳ್ಲಿ? ಎಲ್ರೂ ಅದನ್ನ ಹೊಗಳ್ತಾ ಕೂತಿದ್ರು. ಈಗ ತಾನೇ ಬಂದೋಳು, ಬಂದ ಮನೆ ಸಾರಿಗೆ ಉಪ್ಪಿಲ್ಲ ಅಂತೀನಾ? ನನ್ನ ಎಲೆಗೆ ನಾನೇ ಒಂದು ಚಿಟಿಕೆ ಹಾಕ್ಕೊಂಡೆ.” ವಿನೀತಾ ಡಬ್ಬಿಯ ಮುಚ್ಚಳ ಒತ್ತಿದಳು. “ಅದಿರ್ಲಿ, ನಂದು ಇವತ್ತೇ ಕೊನೇ ದಿನಾನಾ?”

ಧರಣಿ ಮತ್ತೆ ಪರದೆಯ ಕಡೆ ತಿರುಗಿದಳು. ಇಂಥ ಚೌಕಗಳು ಎಲ್ಲರ ಪುಟದಲ್ಲೂ ಇವೆ. ಹಾಗಿದ್ದರೆ ಈವರೆಗೆ ಒಬ್ಬರೂ ದೂರಲಿಲ್ಲವೇಕೆ? ಕೈಯಲ್ಲಿ ಬರೆದ ಹೆಸರುಗಳನ್ನು ಇಡೀ ಆಫೀಸಿನ ಕೋಡಿನಲ್ಲಿ ಹುಡುಕಿದಳು. ಅಮರ್‌ನ ಪುಟದಲ್ಲಿ ಆರು. ಮಧುಶ್ರೀಯದರಲ್ಲಿ ಒಂಬತ್ತು. ಎಲ್ಲವೂ ಎರಡು ಸ್ಥಿತಿ ಕೂಡುವ ಜಾಗದಲ್ಲೇ. ಪಟ್ಟಿ ಕೆಳಗಿಳಿದಂತೆಲ್ಲ ಅವಳ ಕಿವಿ ಬಿಸಿಯಾಯಿತು. ತಡಮಾಡದೆ ಲ್ಯಾಪ್‌ಟಾಪ್ ಎತ್ತಿಕೊಂಡು ನಡೆದಳು.

“ಹೇಳಿದ್ಯಾ?” ಎಂದ ವಾಗೀಶ.

“ತೊಟ್ಟಿಲಲ್ಲೇ ತೂತಿದೆ ಸಾರ್. ಇವತ್ತೇ ಸರಿಮಾಡ್ತೀನಿ. ಮೊದಲು ಇದನ್ನ ನೋಡಿ.”

ಪಟ್ಟಿಯ ತುದಿಯಲ್ಲಿ ವಾಗೀಶನದೇ ಪುಟವಿತ್ತು. ಹದಿನಾಲ್ಕು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

“ಅದು... ನೀನು ಅಷ್ಟು ಆಸೆಯಿಂದ ಮಾಡಿದ್ದೆ, ನಿನಗೆ ಬೇಜಾರಾಗ್ಬಾರ್ದು ಅಂತ...”

“ಕೈಯಲ್ಲಿ ಬರೆದೋರನ್ನೆಲ್ಲ ಮನೆಗೆ ಕಳಿಸೋದಾದ್ರೆ ಸಾರ್,” ಎಂದಳು ಧರಣಿ, “ಈ ಆಫೀಸಲ್ಲಿ ಉಳಿಯೋಳು ನಾನೊಬ್ಬಳೇ.”