ಮನೆಗೇ ಬಂದ ಶಾಯಿ

ಅಮೆರಿಕದ ಅಧ್ಯಕ್ಷರ ಚುನಾವಣೆಯನ್ನು ಟೀವಿಯಲ್ಲಿ ತೋರಿಸುವಾಗೆಲ್ಲ, ಮತ ಹಾಕಿ ಹೊರಬರುವವರ ಶಾಯಿಯಿಲ್ಲದ ಬೆರಳು ಕಂಡು ನನಗೆ ತೊಣ್ಣೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಹಸಿರು ಸೀರೆಯುಟ್ಟು ಓಟು ಹಾಕಲು ಹೊರಟಿದ್ದಳು. ಅಷ್ಟರಲ್ಲಿ ಮೂವರು ಬಂದರು. ಇಬ್ಬರು ಬಾಗಿಲಲ್ಲೇ ನಿಂತರು. ಹಿಂದಿನ ಬೀದಿಯ ಪುಟ್ಟಣ್ಣ, ನಮ್ಮನೆಯಲ್ಲಿ ಎಷ್ಟೋ ಸಲ ಉಂಡವನು, ಚಪ್ಪಲಿ ಬಿಟ್ಟು ಒಳಗೆ ಬಂದ. ಜೇಬಿನಿಂದ ಪುಟ್ಟ ಸೀಸೆ ತೆಗೆದು ಮುಚ್ಚಳ ತಿರುಗಿಸಿದೊಡನೆ ಅದರ ಘಾಟು ನಡುಮನೆ ತುಂಬಿತು.

“ಬಿಸ್ಲಾಗೆ ಯಾಕವ್ವ ಓಯ್ತೀಯ? ಬೆಟ್ಟು ಕೊಡು, ಇಲ್ಲೇ ಮಸಿ ಆಕ್ಬುಡ್ತೀನಿ.”

“ಮಸಿ ಇದ್ರೆ ಬೂತ್‌ನಾಗೆ ಒಳೀಕ್ ಬುಟ್ಟಾರೇನ್ಲಾ?” ಎಂದಳು ಅಜ್ಜಿ.

“ನಿಮ್ಮನೆ ಓಟು ಯಾವ್ ಕಡೀಕೆ ಅಂತ ಗೊತ್ತು. ಅದುಕ್ಕೇ ಕಣವ್ವ,” ಎಂದ, ನಗುತ್ತಲೇ.

ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಅವಳು ಎಡಗೈ ಚಾಚಿದಳು. ಆಮೇಲೆ ಅಮ್ಮ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು. ಕೊನೆಗೆ ಅಪ್ಪ.

ನನಗದು ಮದರಂಗಿಯಂತೆ ಕಂಡಿತ್ತು. “ನಂಗೂ ಆಕಣ್ಣೋ,” ಎಂದು ಬೆರಳು ಮುಂದೆ ಮಾಡಿದೆ.

ಪುಟ್ಟಣ್ಣ ನನ್ನ ತಲೆ ಸವರಿದ.

“ನಿಂಗಿನ್ನೂ ಟೈಮೈತೆ ಕಣವ್ವ. ಆಗ್ಲೂ ನಾವೇ ಬತ್ತೀವಿ.”